ಚಳಿಗಾಲಕ್ಕೆ ಮಾತ್ರ ಸೂರು ಬರುವ ಮನೆ

"ಕೇಳ್ರಪ್ಪೋ ಕೇಳಿ! ಚಳಿ ಬಿತ್ತೆಂದರೆ ನಮ್ಮ ರಾಜಕುಮಾರಿ ಚಂದ್ರಲಾಂಬೆಗೆ ಉಸಿರು ಕಟ್ಟುತ್ತದೆ. ಅದು ಯಾಕೆಂದು ಬಲ್ಲವರು ಅವಳ ಮೂರು ಒಗಟು ಒಡೆಯಬೇಕು. ಒಡೆದವರು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಡಂಗುರದವನು ಕೆರೆಮಗ್ಗುಲೆಂಬ ಊರಿನ ಬೀದಿಬೀದಿಯಲ್ಲಿ ಹೀಗೆ ಸಾರಿದ. ಕೆರೆಯ ಚೆಲುವಿಗೆ ಮನಸೋತು ದೊರೆಯ ತಾತ ಅರಮನೆ ಸಮೇತ ಕಟ್ಟಿಸಿದ ಪೇಟೆ ಅದು. ನೋಡಲು ಚಂದ, ಉಸಿರಾಡಲು ಮಾತ್ರ ಪುಣ್ಯ ಬೇಕು.

ಸುಣ್ಣಗಾರ ಹಾಲಪ್ಪ ಕೆರೆಯ ಚಿಪ್ಪು ಸುಡುವ ಗೂಡಿನ ಮುಂದೆ ಕೂತು ಅದನ್ನು ಕೇಳಿಸಿಕೊಂಡ. ಒಳಗೆ ಅವನ ತಂಗಿ ನೀಲವ್ವ ಉಬ್ಬಸದಿಂದ ಗೊರಗೊರ ಎನ್ನುತ್ತಿದ್ದಳು. ಗುಡ್ಡದಾಚೆ ಸೋದರತ್ತೆಯ ಊರಿಗೆ ಹೋದರೆ ಅವಳು ಗೆಲುವಾಗುತ್ತಿದ್ದಳು. ಆದರೆ ಗೂಡಿಗೆ ಬೆಂಕಿಯಿಟ್ಟ ಮನೆಯವರು ಅದು ಆರುವ ತನಕ ಊರ ಗಡಿ ದಾಟಬಾರದೆಂಬುದು ಸುಣ್ಣಗಾರರ ಕಟ್ಟು. ಅರಮನೆಗೆ ಸುಣ್ಣ ಬೇಕಾದ್ದರಿಂದ ಚಳಿಗಾಲ ಕಳೆಯುವ ತನಕ ಗೂಡು ಆರಿಸಬಾರದೆಂಬುದು ದೊರೆಯ ಅಪ್ಪಣೆ. ಎರಡರ ನಡುವೆ ಆ ಹುಡುಗಿಯ ಜೀವ ಸಿಕ್ಕಿಕೊಂಡಿತ್ತು. ತಲೆ ಹೋದರೆ ಹೋಗಲಿ ಎಂದುಕೊಂಡು ಹಾಲಪ್ಪ ಕೈ ತೊಳೆದು ಅರಮನೆಗೆ ನಡೆದ.

ಅಲ್ಲಿ ರಾಜಕುಮಾರಿ ದಿಂಬಿಗೊರಗಿ, ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತಾ ಹೇಳಿದಳು:

"ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ನೀರು. ಸೂರು ಚಳಿಗಾಲಕ್ಕೆ ಬಂದು ಬೇಸಿಗೆಗೆ ಹೋಗುತ್ತದೆ. ಯಾವ ಮನೆ? ಕತ್ತಲಾದರೆ ಊರಿನದನ್ನೆಲ್ಲ ಹೊತ್ತೊಯ್ದು, ಬಿಸಿಲೇರಿದರೆ ಅದನ್ನೇ ತಂದು ಬಾಗಿಲಿಗೆ ಸುರಿಯುವವಳೊಬ್ಬಳಿದ್ದಾಳೆ. ಯಾರವಳು? ಎಲ್ಲರೂ ದಿನಾ ಉಣಿಸಿ ಬೆಳೆಸುತ್ತಾರೆ, ಯಾರೂ ತನ್ನದೆನ್ನುವುದಿಲ್ಲ. ಮಳೆ ಬಿದ್ದರೆ ಸಾಯುತ್ತದೆ. ಅದು ಯಾವ ಕೂಸು?"

ಅವಳಿಗೆ ಉತ್ತರ ಗೊತ್ತಿತ್ತು. ವರ್ಷಗಟ್ಟಲೆ ಕಿಟಕಿಯಲ್ಲಿ ಕೂತು ಕಂಡದ್ದನ್ನೇ ಒಗಟು ಮಾಡಿದ್ದಳು. ತಾತ ಕಟ್ಟಿಸಿದ ಊರೇ ತಪ್ಪು ಎಂದು ದೊರೆಯ ಮುಖಕ್ಕೆ ಹೇಳುವವರು ಯಾರು, ಮಗಳಾದರೂ ಸರಿ!

ಮೀಸೆ ತಿರುವುತ್ತಾ ಒಬ್ಬ ಅರಸುಮಗ ಎದ್ದು, "ಮೊದಲನೆಯದು ಹುತ್ತ!" ಎಂದ. ಭಟರು ಎಳೆದೊಯ್ದರು. ಇನ್ನೊಬ್ಬ ಎದ್ದು, "ಎರಡನೆಯದು ನನಗೆ ಗೊತ್ತು. ಅಗಸಗಿತ್ತಿ!" ಎಂದ. ಸಭೆ ಗೊಳ್ಳೆಂದು ನಕ್ಕಿತು. ಕತ್ತಿ ಹಿರಿದ ಸದ್ದಿಗೆ ಆ ನಗು ಗಂಟಲಲ್ಲೇ ನಿಂತಿತು.

ಹಾಲಪ್ಪ ಮುಂದೆ ಬಂದು ಕೈಮುಗಿದ.

"ಆ ಮನೆ ನಮ್ಮೂರೇ, ತಾಯಿ," ಎಂದ. "ಮೂರು ಕಡೆ ಗುಡ್ಡ, ಒಂದು ಕಡೆ ಕೆರೆ. ಚಳಿಗಾಲದಾಗೆ ತಣ್ಣನೆ ಗಾಳಿ ಗುಡ್ಡದಿಂದ ಜಾರಿ ತಳಕ್ಕೆ ಕೂರ್ತದೆ. ಬೆಚ್ಚನೆ ಗಾಳಿ ಅದರ ಮೇಲೆ ಮುಚ್ಕಂತದೆ. ಹೊಗೆ ಅಲ್ಲೀಗಂಟ ಏರಿ ಅಡ್ಡಡ್ಡ ಹಬ್ತದೆ. ಬೇಸಿಗೆ ಬಿಸಿಲು ನೆಲ ಕಾಯಿಸಿದ ಮೇಲೇ ಆ ಸೂರು ಏಳೋದು."

"ಎರಡನೆಯದು?" ದೊರೆ ಮುಂದಕ್ಕೆ ಬಾಗಿದ.

"ಕೆರೆಗಾಳಿ, ಬುದ್ಧಿ. ಕತ್ತಲಾದ ಮೇಲೆ ಊರಿಂದ ಕೆರೆ ಕಡೆ ಬೀಸ್ತದೆ. ಹೊಗೆ ಹೋಯ್ತಪ್ಪ ಅಂತ ನಾವು ಮಲಗ್ತೀವಿ. ಬಿಸಿಲೇರ್ತಿದ್ದಂಗೆ ಕೆರೆಯಿಂದ ಊರಿಗೆ ತಿರುಗ್ತದೆ, ನಮ್ಮದನ್ನ ನಮಗೇ ತಂದು ಸುರೀತದೆ. ನನ್ ತಂಗಿಗೆ ಕೆಮ್ಮು ಕೆರಳೋದು ಆಗಲೇ."

ಮೂರನೆಯದಕ್ಕೆ ಅವನು ತಲೆ ತಗ್ಗಿಸಿದ. ಉತ್ತರ ಹೊಳೆದಿತ್ತು, ಅದಕ್ಕೇ ತಗ್ಗಿಸಿದ. ತಂಗಿಯ ಎದೆಯಲ್ಲಿ ಗೊರಗೊರ ಎನ್ನುತ್ತಿದ್ದುದನ್ನು ತಾನೇ ಚಿಪ್ಪು ಸುರಿದು, ಕಟ್ಟಿಗೆ ಒಟ್ಟಿ ಬೆಳೆಸಿದ್ದ. ಕಣ್ಣಲ್ಲಿ ನೀರು ಬಂತು.

"ಹೊಗೆ," ಎಂದ. "ನನ್ ಗೂಡಿಂದು. ಪೇಟೆ ಒಲೆಗಳದು. ತಪ್ಪು ತಿಳೀಬ್ಯಾಡಿ, ಅರಮನೇದೂ ಅದೆ. ಮಳೆ ಬಂದು ತೊಳಿಯೋಗಂಟ ಸಾಯಲ್ಲ."

ರಾಜಕುಮಾರಿ ಹೌದೆಂದು ತಲೆಯಾಡಿಸಿದಳು. ದೊರೆ ಮಗಳನ್ನು ನೋಡಿದ. ಆಮೇಲೆ, "ಹಾಗಾದರೆ ಮದ್ದೇನಪ್ಪಾ?" ಎಂದ. ದೊರೆಯ ದನಿಯಾಗಿರಲಿಲ್ಲ ಅದು, ಮಗಳ ತಂದೆಯ ದನಿ.

"ನಂಗೆ ಉತ್ತರ ಗೊತ್ತು ಬುದ್ಧಿ, ಮದ್ದು ಗೊತ್ತಿಲ್ಲ. ಗುಡ್ಡ ಸರಿಸಕ್ಕಾಗಲ್ಲ, ಚಳಿ ತಡೆಯಕ್ಕಾಗಲ್ಲ. ಗೂಡು ಆರಿಸಬೌದು, ಅಷ್ಟೇಯ."

"ಗೂಡು ಇವತ್ತೇ ಆರಲಿ. ಆದರೆ ಈ ಚಳಿಯಲ್ಲಿ ಮನೆಮನೆಯ ಒಲೆ ಆರಿಸಿ ಅಂತ ಯಾವ ಬಾಯಲ್ಲಿ ಹೇಳಲಿ?" ದೊರೆ ಹಾಲಪ್ಪನ ಕಡೆ ತಿರುಗಿದ. "ನಿನಗೇನು ಬೇಕು, ಕೇಳು."

"ನನ್ ತಂಗೀನ ಗುಡ್ಡ ದಾಟಿಸಬೇಕು. ಕುಮಾರಿಯವರೂ ಜೊತೆಗೆ ಬರ್ಲಿ, ಬುದ್ಧಿ."

ವೈದ್ಯರು ಬೇಡವೆಂದರು. ಕುಮಾರಿಯ ಎದೆ ಆ ಏರು ತಡೆಯುವ ಹಂತ ದಾಟಿಹೋಗಿತ್ತು. ಅವಳು ತನ್ನ ಮೇನೆಯನ್ನೇ ನೀಲವ್ವನಿಗೆ ಕಳಿಸಿದಳು. ದೊರೆ ಗುಡ್ಡದಾಚೆ ಹೊಲಮನೆಯನ್ನೂ ಕೊಟ್ಟ.

ಗೂಡುಗಳೆಲ್ಲ ಆರಿದವು. ಹೊಗೆ ಕೊಂಚ ತೆಳುವಾಯಿತು, ಸೂರು ಮಾತ್ರ ಹೋಗಲಿಲ್ಲ. ಹಾಲಪ್ಪ ಮೇನೆಯ ಪಕ್ಕದಲ್ಲೇ ಗುಡ್ಡ ಹತ್ತಿದ. ನೆತ್ತಿ ಮುಟ್ಟುತ್ತಿದ್ದಂತೆ ನೀಲವ್ವ ಪರದೆ ಸರಿಸಿ, ಎದೆ ತುಂಬ ಎಳೆದುಕೊಂಡು ಕೂಗಿದಳು: "ಅಣ್ಣಾ, ಈ ಗಾಳಿಗೆ ವಾಸನೇನೇ ಇಲ್ಲ ಕಣೋ!"

ಹಾಲಪ್ಪ ನಕ್ಕು, ತಿರುಗಿ ನೋಡಿದ. ಕೆಳಗೆ ಊರಿರಲಿಲ್ಲ, ಕೆರೆಯೂ ಇರಲಿಲ್ಲ. ಬೂದು ಬಣ್ಣದ ಹೊದಿಕೆಯೊಂದು ಗುಡ್ಡದಿಂದ ಗುಡ್ಡಕ್ಕೆ ಚಾಚಿಕೊಂಡಿತ್ತು. ಅದರಡಿಯಲ್ಲೆಲ್ಲೋ ಮೇನೆ ಕಳಿಸಿದ ರಾಜಕುಮಾರಿ ಕಿಟಕಿಯ ಬಳಿ ಕೂತಿದ್ದಳು. ಅವನಿಗೆ ಉಸಿರೆಳೆದುಕೊಳ್ಳಲು ನಾಚಿಕೆಯಾಯಿತು.