ಕುಂತ್ಕೊ ಕೆರೆ

ಬಸರಿಹಾಳಿನ ಊರಾಚೆಯ ಕೆರೆಗೆ ಕುಂತ್ಕೊ ಕೆರೆ ಎಂದು ಹೆಸರು. ಹೆಸರು ಕೇಳಿ ಬಂದ ಪರವೂರಿನವರು ಕೂರಲು ಜಾಗ ಹುಡುಕುತ್ತಾರೆ. ಕಟ್ಟೆಯೂ ಇಲ್ಲ, ಮರದ ನೆರಳೂ ಇಲ್ಲ. ಏರಿಯ ಮೇಲೆ ಸೊಂಟದೆತ್ತರದ ಒಂದು ಬರಹದ ಕಲ್ಲಿದೆ, ಅಷ್ಟೇ. ಈಗಿನ ಮಕ್ಕಳು ಅಲ್ಪವಿರಾಮ, ಪೂರ್ಣವಿರಾಮ ಎಂದು ನಾಲಿಗೆ ಹೊರಳಿಸಿ ಕಲಿಯುವ ಗುರುತುಗಳಿಗೆ ಇಲ್ಲಿನ ಕಲ್ಲುಕುಟಿಗರು ಎಂದೋ ತಮ್ಮದೇ ಹೆಸರಿಟ್ಟಿದ್ದರು. ಮಾತು ಅರೆಗಳಿಗೆ ನಿಲ್ಲುವಲ್ಲಿ ಒಂಟಿ ಗೀಟು, ಅದು ‘ಕುಂತ್ಕೊ’. ಮಾತು ಮುಗಿಯುವಲ್ಲಿ ಜೋಡಿ ಗೀಟು, ಅದು ‘ಎದ್ದೋಗು’. ಎದ್ದೋಗು ಬೀಳದ ಅಪ್ಪಣೆ ಅಪ್ಪಣೆಯೇ ಅಲ್ಲ, ಅದನ್ನು ಮೊದಲಕ್ಷರ ಕೆತ್ತಿದ ಕೈಯೇ ಕೆತ್ತಬೇಕು. ಬೇರೆ ಕೈ ತಾಕಿದರೆ ಕಲ್ಲು ಸತ್ತಂತೆ. ಅರ್ಧಕ್ಕೆ ನಿಂತ ಕಲ್ಲಿರುವಲ್ಲಿ ಇನ್ನೊಂದನ್ನು ನೆಡುವಂತೆಯೂ ಇಲ್ಲ. ಈ ಕಟ್ಟಳೆಯನ್ನು ದೊರೆಗಳೂ ಮೀರುತ್ತಿರಲಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಮುದಿಯಪ್ಪ ನಾಯಕ ಆಳುತ್ತಿದ್ದ. ಕೆಳಕೇರಿಯವರು ಮಣ್ಣು ಹೊತ್ತು ಕಟ್ಟಿದ ಕೆರೆ ತುಂಬಿದಾಗ, ಅದೇ ಕೇರಿಯ ಸಿರಿಯವ್ವನಿಗೆ ಬರಹ ಕೆತ್ತಲು ಹೇಳಿದ. ಗಂಡ ಸತ್ತ ಮೇಲೆ ಉಳಿ ಹಿಡಿದವಳು ಅವಳು. ನಾಯಕ ಬಲು ಜಾಣ. ಒಂದೊಂದೇ ಸಾಲು ಹೇಳುತ್ತ ಹೋದ. ಮೊದಲೆಲ್ಲ ಅವನದೇ ಹೊಗಳಿಕೆ. ಕಡೆಯ ಸಾಲು ಬಂತು ನೋಡಿ: ಕೆಳಕೇರಿಯವರು ಈ ನೀರು ಮುಟ್ಟಕೂಡದು! ಅಯ್ಯೋ, ಈ ಕೆರೆಗೆ ಮಣ್ಣು ಹೊತ್ತು ಸವೆದ ನೆತ್ತಿ ಯಾರದು? ಆದರೂ ಸಿರಿಯವ್ವ, ಅವನ ಮಾತು ಅವನ ಹೆಸರಿನ ಕೆಳಗೇ ಇರಲಿ ಎಂದು ಅದನ್ನೂ ಕೆತ್ತಿದಳು. ಕೊನೆಗೆ ಒಂದೇ ಗೀಟೆಳೆದು ಉಳಿ ಕೆಳಗಿಟ್ಟಳು.

“ಇನ್ನೊಂದು ಗೀಟೆಲ್ಲಿ?” ಎಂದ ನಾಯಕ.

“ಬರಹ ನಿಮ್ಮದು ದೊರೆ, ಗೀಟು ನಂದು. ನಿಮ್ಮ ಅಪ್ಪಣೆ ಕುಂತೈತೆ, ಕುಂತೇ ಇರಲಿ.”

“ಹೆಬ್ಬೆರಳು ಕತ್ತರಿಸಿಬಿಟ್ಟೇನು!”

“ಕತ್ತರಿಸ್ರಿ. ಆಮೇಲೆ ಎದ್ದೋಗು ಹಾಕೋ ಕೈ ಯಾವುದು?”

ಆಳುಗಳು ಅತ್ತ ತಿರುಗಿ ನಗು ನುಂಗಿಕೊಂಡರು. ನಾಯಕನಿಗೆ ಕೈ ಕೈ ಹಿಸುಕಿಕೊಳ್ಳುವುದಷ್ಟೇ ಉಳಿಯಿತು. ಸಿರಿಯವ್ವ ಅವನ ಕಣ್ಣೆದುರೇ ಕೆರೆಗಿಳಿದು ಬೊಗಸೆ ತುಂಬ ನೀರು ಕುಡಿದಳು. ಆಮೇಲೆ ಅವನು ಹೊಲ ಕೊಡುತ್ತೇನೆಂದ, ಬಳೆ ಕೊಡುತ್ತೇನೆಂದ. ಅವಳು ಜಪ್ಪಯ್ಯ ಅನ್ನಲಿಲ್ಲ. ಅವಳು ಕಣ್ಣು ಮುಚ್ಚಿದ ದಿನ ಕೆಳಕೇರಿ ಎದೆ ಬಡಿದುಕೊಂಡು ಅತ್ತಿತು. ಆ ಎರಡನೇ ಗೀಟು ಹಾಕುವ ಕೈ ಇನ್ನಿಲ್ಲವಾಗಿತ್ತು, ಕೆರೆ ಎಂದೆಂದಿಗೂ ಕೇರಿಯವರದಾಗಿತ್ತು.

ಕೆರೆ ನೋಡಲು ಹೋದವರಿಗೆ ಆ ಸಾಲು ಈಗಲೂ ಸ್ಪಷ್ಟವಾಗಿ ಕಾಣುತ್ತದೆ, ಅದರ ತುದಿಯ ಒಂಟಿ ಗೀಟೂ ಕಾಣುತ್ತದೆ. ಕೆಳಕೇರಿಯ ಹೆಂಗಸರು ತುಂಬಿದ ಕೊಡವನ್ನು ಆ ಕಲ್ಲಿನ ನೆತ್ತಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಆಮೇಲೆ ಸೊಂಟಕ್ಕೇರಿಸುತ್ತಾರೆ. ತುಳುಕಿದ ನೀರು ನಾಯಕನ ಹೊಗಳಿಕೆಯ ಮೇಲೆ ಹರಿದು ‘ಮುಟ್ಟಕೂಡದು’ ಎಂಬಲ್ಲಿಗೆ ಇಳಿಯುತ್ತದೆ. ಆ ಸಾಲು ಒಣಗಿದ್ದನ್ನು ಕಂಡವರಿಲ್ಲ ಎನ್ನುತ್ತಾರೆ.