ಆಮೆಯ ಬೆನ್ನಿಗೆ ಉಂಗುರ ಬಂದದ್ದು

ಲೋಕ ಆಗಿನ್ನೂ ಹೊಸತು. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಆಗಾಗ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಹಳ್ಳಕ್ಕೆ ದಿನಕ್ಕೊಂದು ದಾರಿ. ಬೆಲ್ಲ ಹುಟ್ಟಿ ನಾಲ್ಕೇ ದಿನವಾಗಿತ್ತು, ಹಾಗಾಗಿ ಎಲ್ಲರಿಗೂ ಅದರದ್ದೇ ಧ್ಯಾನ.

ಆ ಕಾಲದಲ್ಲಿ ಆಮೆಯ ಬೆನ್ನು ಮೆತ್ತಗಿತ್ತು. ಎಷ್ಟು ಮೆತ್ತಗೆ ಅಂದರೆ, ಮೇಲೊಂದು ಎಲೆ ಬಿದ್ದರೆ ಎಲೆಯ ನರವೆಲ್ಲ ಅಚ್ಚೊತ್ತಿಕೊಳ್ಳುತ್ತಿತ್ತು. ಕಾಗೆಗೆ ಇದು ಚೆನ್ನಾಗಿ ಗೊತ್ತಿತ್ತು. ಬಂದು ಕೂರುವುದು, ಕುಕ್ಕುವುದು, ತಿಂದು ಹೋಗುವುದು. ಹೀಗಾಗಿ ಆ ಬಯಲಿನಲ್ಲಿ ಬೆರಳೆಣಿಕೆಯಷ್ಟು ಆಮೆಗಳು ಮಾತ್ರ ಉಳಿದಿದ್ದವು.

ಅವುಗಳಲ್ಲಿ ಒಂದು ಮರಿ, ಬೆನ್ನ ಮೇಲೆ ಕೊಕ್ಕಿನ ಗಾಯ ಹೊತ್ತುಕೊಂಡು, ಕೆಂಚವ್ವನ ಅಂಗಳಕ್ಕೆ ಬಂತು.

ಮಣ್ಣಿನಿಂದ ಮಡಕೆ ಮಾಡಬಹುದು ಎಂದು ಆ ಸೀಮೆಯಲ್ಲಿ ಮೊದಲು ಕಂಡುಕೊಂಡವಳು ಈ ಕೆಂಚವ್ವ. ಅವಳು ತಿಗರಿಯ ಚಕ್ರ ತಿರುಗಿಸುತ್ತಿದ್ದಳು, ಗಂಡ ತಿಪ್ಪಣ್ಣ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುತ್ತಿದ್ದ. ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವಂಥ ಹೆಂಗಸು.

ಅವಳು ಮರಿಯನ್ನು ಎತ್ತಿ ಬೆನ್ನು ಒತ್ತಿ ನೋಡಿದಳು. ಬೆರಳು ಒಳಗಿಳಿಯಿತು.

"ಅಯ್ಯೋ ಕಂದ! ಇದು ಹಸಿ ಮಡಕೆ ಕಣ್ರೀ. ಮಾಡಿದೋನು ಸುಡದೇನೇ ಬಿಟ್ಟವ್ನೆ," ಅಂದಳು ಗಂಡನಿಗೆ. "ಇದನ್ನ ಗಟ್ಟಿ ಮಾಡದೆ ನಾನು ಬಿಡಾಕಿಲ್ಲ."

ಮರಿಗೆ ಬೋಗುಣಿ ಎಂದು ಹೆಸರಿಟ್ಟಳು. ಅದೂ ಸಂತೋಷವಾಗಿ ತಲೆಯಾಡಿಸಿತು. ಅದಕ್ಕೆ ಅಲ್ಲಿಯ ತನಕ ಯಾರೂ ಹೆಸರಿಟ್ಟಿರಲಿಲ್ಲ.

ಹಸಿ ಮಡಕೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಕೆಂಚವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಹನಿ ನೀರು ಸೋಕಬಾರದು. ಬಿಸಿಲಲ್ಲಿ ಒಣಗಬೇಕು. ಹಾಗೇ ಮಾಡಿದಳು. ಬೋಗುಣಿಯನ್ನು ಮಡಕೆಗಳ ಸಾಲಿನಲ್ಲೇ ಬಿಸಿಲಿಗಿಟ್ಟಳು. ಇಬ್ಬನಿ ಬಿದ್ದರೆ ಸೆರಗಿನಿಂದ ಒರೆಸಿದಳು. ಅಕ್ಕರೆ ಉಕ್ಕಿದಾಗ ಬೆಲ್ಲ ತಿನ್ನಿಸಿದಳು, ರಾಗಿ ಮುದ್ದೆ ತಿನ್ನಿಸಿದಳು, ತುಪ್ಪದನ್ನ ತಿನ್ನಿಸಿದಳು. ಬೋಗುಣಿ ಪಾಪ, ಕೊಟ್ಟಿದ್ದೆಲ್ಲ ತಿಂದಿತು. ಬೆಲ್ಲವನ್ನಂತೂ ಕೇಳಿ ಕೇಳಿ ತಿಂದಿತು.

ಬೇಲಿಯ ಆಚೆ ಹರಿಯುತ್ತಿದ್ದ ಹಳ್ಳ ಇದನ್ನು ನೋಡಿ, "ಕೆಂಚವ್ವ, ಅದಕ್ಕೆ ಒಂಚೂರು ನೀರು ಕೊಡೇ," ಅಂದಿತು.

"ನೀನು ಸುಮ್ನೆ ಹರಿ," ಅಂದಳು ಕೆಂಚವ್ವ. "ನೀರು ಬಿದ್ದ ಹಸಿ ಮಡಕೆ ಏನಾಗ್ತದೆ ಅಂತ ನನಗೆ ಗೊತ್ತು."

ಗಾಳಿ ಹೇಳಿತು. ಅದಕ್ಕೂ ಅದೇ ಮಾತು.

ದಿನ ಕಳೆಯಿತು, ತಿಂಗಳು ಕಳೆಯಿತು, ಹತ್ತಿರ ಹತ್ತಿರ ಒಂದು ವರ್ಷವೇ ಕಳೆಯಿತು. ಬೋಗುಣಿಯ ಕಣ್ಣು ಗುಳಿ ಬಿದ್ದವು. ಬೆನ್ನು ಗಟ್ಟಿಯಾಗುವ ಬದಲು ಅಲ್ಲಲ್ಲಿ ಗುಬುಟು ಗುಬುಟಾಗಿ ಎದ್ದಿತು, ಒತ್ತಿದರೆ ಮಾತ್ರ ಮೊದಲಿನ ಹಾಗೇ ಮೆತ್ತಗೆ. ಕೊನೆಗೊಂದು ದಿನ ಅದು ಹೊಟ್ಟೆಯನ್ನು ನೆಲದಿಂದ ಎತ್ತಲಾರದೆ ಬಿದ್ದುಕೊಂಡಿತು.

"ಒಣಗಿದ್ದು ಸಾಕು. ಇನ್ನು ಸುಡಾದೇ ಸರಿ," ಅಂದ ತಿಪ್ಪಣ್ಣ. ಅವನೂ ಕೆಟ್ಟವನಲ್ಲ. ಮಡಕೆಯ ಲೆಕ್ಕದಲ್ಲಿ ಅವನ ಮಾತು ಸರಿಯಾಗಿಯೇ ಇತ್ತು.

ಕೆಂಚವ್ವ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಆವಿಗೆಯ ಬಾಯಿಗೆ ತಂದಳು. ಒಳಗೆ ಬೆಂಕಿ ಧಗಧಗ ಉರಿಯುತ್ತಿತ್ತು.

ಆಗ ಬೋಗುಣಿ ಕತ್ತು ಹೊರಗೆ ಚಾಚಿತು. ಅದರ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು.

"ಕೆಂಚವ್ವ, ನಾನು ಮಡಕೆ ಅಲ್ಲ."

ಕೆಂಚವ್ವನ ಕೈ ನಿಂತಿತು.

"ಮತ್ತೆ ನಿನಗೇನು ಬೇಕು? ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಕೇಳಲೇ ಇಲ್ಲವಲ್ಲ. ನೀರು ಬೇಕು."

ಕೆಂಚವ್ವ ಆವಿಗೆಯಿಂದ ಹಿಂದೆ ಸರಿದಳು. ಪ್ರೀತಿ ಮಾಡಿ ಮಾಡಿಯೇ ಕೊಲ್ಲುತ್ತಿದ್ದೆನಲ್ಲ ಎಂದು ಅಲ್ಲೇ ಕೂತು ಅತ್ತಳು. ಅತ್ತದ್ದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಅವಳ ಹಟ ಎಲ್ಲೂ ಹೋಗಿರಲಿಲ್ಲ, ದಾರಿ ಮಾತ್ರ ಬದಲಾಗಿತ್ತು.

ಅಗಲವಾದ ತಟ್ಟೆಯೊಂದಕ್ಕೆ ಹಳ್ಳದ ನೀರು ತಂದು ಹಾಕಿದಳು. ಮರಿಯ ಗದ್ದಕ್ಕಿಂತ ಮೇಲೆ ಬರಬಾರದು, ಅಷ್ಟೇ. ಬಿಸಿಲಲ್ಲಿ ಬೆಚ್ಚಗೆ ಮಾಡಿ ಬೋಗುಣಿಯನ್ನು ಅದರಲ್ಲಿ ಇಳಿಸಿದಳು. ಅದು ಕತ್ತನ್ನು ಉದ್ದ ಚಾಚಿ, ಮುಖ ಮುಳುಗಿಸಿ, ಕಣ್ಣು ಮುಚ್ಚಿಕೊಂಡು ಕುಡಿಯಿತು. ಕುಡಿಯಿತು, ಕುಡಿಯಿತು, ನಿಲ್ಲಿಸಲೇ ಇಲ್ಲ. ಕುಡಿದು ಮುಗಿಸಿ ಅದೇ ನೀರಲ್ಲಿ ಉಚ್ಚೆ ಹೊಯ್ದಿತು. ಬೆನ್ನು ಕರಗಲಿಲ್ಲ.

"ನಾನು ಹೇಳಿರಲಿಲ್ಲವಾ?" ಅಂದಿತು ಹಳ್ಳ.

"ಹೇಳಿದ್ದೆ ಕಣಪ್ಪ. ತಪ್ಪಾಯ್ತು," ಅಂದಳು ಕೆಂಚವ್ವ, ಮತ್ತು ಗಲೀಜು ನೀರು ಚೆಲ್ಲಿ ಹೊಸ ನೀರು ತಂದಳು. ಅವತ್ತೇ ಕೂತು, ಒಂದು ಕಡೆ ಅಂಚು ಇಳಿಜಾರಾಗಿರುವ ತಟ್ಟೆಯೊಂದನ್ನು ಮಾಡಿದಳು. ಬೋಗುಣಿ ತಾನೇ ಇಳಿಯಬೇಕು, ತಾನೇ ಹತ್ತಬೇಕು ಅಂತ.

ಇನ್ನು ಊಟ. ಕೆಂಚವ್ವ ಈ ಸಲ ತನಗೇ ಎಲ್ಲ ಗೊತ್ತು ಅನ್ನಲಿಲ್ಲ. ಬಯಲಿನಲ್ಲಿ ಉಳಿದಿದ್ದ ಮುದಿ ಆಮೆಯೊಂದರ ಹಿಂದೆ ಒಂದು ದಿನ ಪೂರ್ತಿ ನಡೆದಳು. ಅದು ಗರಿಕೆ ಕಡಿಯಿತು, ಕಹಿ ಸೊಪ್ಪು ಕಡಿಯಿತು, ಉದುರಿದ ಹೂವನ್ನು ತಿಂದಿತು. ಬೆಲ್ಲ ಬಿದ್ದಿರುವ ಜಾಗವನ್ನು ಅದು ಹುಡುಕಲೇ ಇಲ್ಲ.

ಅವಳು ಮಡಿಲ ತುಂಬ ಸೊಪ್ಪು ತಂದು ಬೋಗುಣಿಯ ಮುಂದೆ ಹಾಕಿದಳು.

"ಬೆಲ್ಲ?" ಅಂದಿತು ಬೋಗುಣಿ.

"ಬೆಲ್ಲ ಇಲ್ಲ."

"ಮುದ್ದೆ?"

"ಅದೂ ಇಲ್ಲ."

ಬೋಗುಣಿ ತಲೆ ಒಳಗೆಳೆದುಕೊಂಡಿತು. ಒಂದು ದಿನ ತಿನ್ನಲಿಲ್ಲ. ಎರಡನೆಯ ದಿನ ತಿನ್ನಲಿಲ್ಲ. ತಿಪ್ಪಣ್ಣನಿಗೇ ನೋಡಲಾಗಲಿಲ್ಲ. "ಒಂದು ಚೂರು ಬೆಲ್ಲ ಕೊಡೇ, ಸತ್ತುಗಿತ್ತೋದೀತು," ಅಂದ.

ಕೆಂಚವ್ವನ ಕೈ ಎರಡು ಸಲ ಬೆಲ್ಲಕ್ಕೆ ಹೋಯಿತು. ಆದರೂ ಬೆಲ್ಲದ ಗಡಿಗೆಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನೇ ತೆಗೆದಿಟ್ಟಳು. ನೀರಿನ ತಟ್ಟೆ ಮಾತ್ರ ದಿನವೂ ತುಂಬಿಸಿದಳು. ಮೂರನೆಯ ದಿನ ಬೆಳಗ್ಗೆ 'ಕರಕ್' ಎಂದು ಸದ್ದಾಯಿತು. ನೋಡಿದರೆ ಬೋಗುಣಿ ಮುಖ ಸಿಂಡರಿಸಿಕೊಂಡು ಸೊಪ್ಪು ತಿನ್ನುತ್ತಿತ್ತು.

ಕಣ್ಣು ತಿಳಿಯಾದವು. ಕಾಲಿಗೆ ಬಲ ಬಂತು. ಬೆನ್ನು ಮಾತ್ರ ಇನ್ನೂ ಮೆತ್ತಗೆ.

"ಇನ್ನೇನು ಕಡಿಮೆ ಆಗೈತೆ?" ಎಂದು ಕೆಂಚವ್ವ ಹಳ್ಳದ ದಂಡೆಯಲ್ಲಿ ಕೂತು ಯೋಚಿಸುತ್ತಿದ್ದಾಗ ಒಂದು ಬಸವನಹುಳು ಮೆಲ್ಲಗೆ ಬಂತು. ಅದರ ಬೆನ್ನ ಮೇಲಿನ ಚಿಪ್ಪು ಎಷ್ಟು ಗಟ್ಟಿ! ಕೆಂಚವ್ವ ಕೇಳಿಯೇ ಬಿಟ್ಟಳು, "ನಿನ್ನ ಮನೆ ಯಾರು ಸುಟ್ಟುಕೊಟ್ರು?"

"ಯಾರೂ ಸುಡಲಿಲ್ಲಮ್ಮ," ಅಂದಿತು ಬಸವನಹುಳು. "ನಾವು ಬಿಳಿ ಮಣ್ಣು ನೆಕ್ಕುತ್ತೇವೆ, ಅದೇ ಚಿಪ್ಪಾಗುತ್ತದೆ. ನೋಡು, ನಮ್ಮಜ್ಜಿಯರು ಬಿಟ್ಟುಹೋದ ಖಾಲಿ ಚಿಪ್ಪುಗಳು ದಂಡೆ ತುಂಬ ಬಿದ್ದಿವೆ. ಒಯ್ದು ಅರೆದು ಕೊಡು."

ಕೆಂಚವ್ವ ಬುಟ್ಟಿ ತುಂಬ ಆರಿಸಿ ತಂದಳು, ಒರಳಿಗೆ ಹಾಕಿ ನುಣ್ಣಗೆ ಕುಟ್ಟಿದಳು. ನಾಳೆಯೇ ಗಟ್ಟಿಯಾಗಲಿ ಅಂತ ಸೊಪ್ಪಿನ ಮೇಲೆ ಎರಡು ಬೊಗಸೆ ಸುರಿದಳು. ಬೋಗುಣಿ ಏಳು ಸಲ ಸೀನಿತು.

"ಚಿಟಿಕೆ ಸಾಕು ಮಾರಾಯ್ತಿ!" ಎಂದು ಬಸವನಹುಳು ಬೇಲಿಯಿಂದ ಕೂಗಿತು. "ಹನಿ ಹನಿ ಕೂಡಿದರೆ ಹಳ್ಳ. ಒಂದೇ ದಿನಕ್ಕೆ ಯಾರ ಮನೆ ಎದ್ದಿದೆ?"

ಅಷ್ಟರಲ್ಲಿ ಸೂರ್ಯ ಬಗ್ಗಿ ನೋಡಿ ಹೇಳಿದ, "ನನ್ನ ಎಳೆ ಬಿಸಿಲು ಮೈಗೆ ಬೀಳದೆ ನಿಮ್ಮ ಬಿಳಿ ಪುಡಿ ಬೆನ್ನಿಗೆ ಹತ್ತುವುದಿಲ್ಲ. ಬೆಳಗ್ಗೆ ನನ್ನ ಹತ್ತಿರ ಕಳಿಸು. ಮಧ್ಯಾಹ್ನ ಮಾತ್ರ ನೆರಳಲ್ಲಿಡು, ಆ ಹೊತ್ತಿಗೆ ನನಗೆ ಸಿಟ್ಟು ಜಾಸ್ತಿ."

ಹೀಗೆ ಶುರುವಾಯಿತು. ಮೂರು ದಿನದಲ್ಲಿ ಮಡಕೆ ಒಣಗಿಸಿ ನಾಲ್ಕನೆಯ ದಿನ ಸುಟ್ಟು ಇಳಿಸುವ ಕೆಂಚವ್ವ, ಈಗ ಬೆಂಕಿಯಿಲ್ಲದೆ ಕಾಯಬೇಕಾಯಿತು. ದಿನವೂ ತಟ್ಟೆಯ ನೀರು, ದಿನವೂ ಕಹಿ ಸೊಪ್ಪು, ದಿನವೂ ಚಿಟಿಕೆ ಪುಡಿ, ದಿನವೂ ಎಳೆ ಬಿಸಿಲು. ಜ್ವರ ಬಂದ ದಿನವೂ ಎದ್ದು ಮಾಡಿದಳು. ಹಬ್ಬದ ದಿನವೂ ಬೆಲ್ಲ ಕೊಡಲಿಲ್ಲ. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ, ಬೆನ್ನಿನ ಪ್ರತಿ ಗುಬುಟಿನ ಸುತ್ತ ಒಂದು ತೆಳ್ಳನೆಯ ಗಟ್ಟಿ ಉಂಗುರ ಕಂಡಿತು, ತಿಗರಿಯ ಮೇಲೆ ಮಡಕೆಗೆ ಬೀಳುವ ಗೆರೆಯ ಹಾಗೆ. ಮರುವರ್ಷ ಅದರಾಚೆ ಇನ್ನೊಂದು. ಅದರ ಮರುವರ್ಷ ಮತ್ತೊಂದು.

ನಾಲ್ಕನೆಯ ವರ್ಷ ಕಾಗೆ ಬಂತು. ಕೆಂಚವ್ವ ಅಂಗಳದ ಆ ತುದಿಯಲ್ಲಿದ್ದಳು, ಓಡಿ ಬರುವಷ್ಟು ಹೊತ್ತಿರಲಿಲ್ಲ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!" ಎಂದು ಕಾಗೆ ನಕ್ಕಿತು. "ನನ್ನ ಕೊಕ್ಕಿಗೆ ಅರ್ಧ ನಿಮಿಷ ಸಾಕು." ರೆಕ್ಕೆ ಮಡಚಿ, ಮೇಲಿಂದ ಎರಗಿ, ಇದ್ದ ಬಲವನ್ನೆಲ್ಲ ಹಾಕಿ ಕುಕ್ಕಿತು.

ಠಣ್!

ಕಾಗೆ ಮೂರು ಮಾರು ಆಚೆ ಬಿತ್ತು. ಬೋಗುಣಿ ಸೊಪ್ಪು ಅಗಿಯುವುದನ್ನೂ ನಿಲ್ಲಿಸಲಿಲ್ಲ.

ಕೆಂಚವ್ವ ಓಡಿ ಬಂದು, ಬೆಂದ ಮಡಕೆಯನ್ನು ತಟ್ಟಿ ನೋಡುವ ಹಾಗೆ, ಬೆರಳ ಗಿಣ್ಣಿನಿಂದ ಬೋಗುಣಿಯ ಬೆನ್ನು ತಟ್ಟಿದಳು. ಠಣ್. ಮತ್ತೆ ತಟ್ಟಿದಳು. ಠಣ್. "ಏನ್ರೀ, ಕೇಳಿದ್ರಾ? ಬೆಂದೈತೆ! ಬೆಂಕಿ ಇಲ್ದೇನೇ ಬೆಂದೈತೆ!" ಎಂದು ಕೂಗುತ್ತ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆದರೆ ಅವಳ ಬೆರಳು ಆ ಗುಬುಟುಗಳ ಮೇಲೆ ನಿಂತಿತು.

"ಇವು ಮಾತ್ರ ಹೋಗಲೇ ಇಲ್ಲ ಕಂದ. ನನ್ನ ತಪ್ಪು."

"ಇರಲಿ ಬಿಡು," ಅಂದಿತು ಬೋಗುಣಿ. "ಉಂಗುರಗಳು ಅವುಗಳ ಸುತ್ತಲೇ ತಾನೆ ಬೆಳೆದದ್ದು?"

ಬೋಗುಣಿ ಬಯಲಿಗೆ ಮರಳಿತು. ಅದರ ಮರಿಗಳಿಗೂ ಅದೇ ಗುಬುಟಿನ ಬೆನ್ನು ಬಂತು. ನೀರು, ಸೊಪ್ಪು, ಚಿಪ್ಪಿನ ಪುಡಿ, ಎಳೆ ಬಿಸಿಲಿನ ಪಾಠವನ್ನು ಅದು ಉಳಿದ ಆಮೆಗಳಿಗೆಲ್ಲ ಕಲಿಸಿತು. ಅದಕ್ಕೇ ಆಮೆ ಇವತ್ತಿಗೂ ಬೆಳಗಿನ ಬಿಸಿಲಿಗೆ ಮೈಯೊಡ್ಡುತ್ತದೆ, ಗುಂಡಿಯ ನೀರಿಗಿಳಿದು ಕತ್ತು ಚಾಚಿ ಕುಡಿಯುತ್ತದೆ, ಖಾಲಿ ಚಿಪ್ಪು ಕಂಡರೆ ಕಡಿಯುತ್ತದೆ. ಮತ್ತೆ ಮಗೂ, ಅದರ ಬೆನ್ನನ್ನು ಬಗ್ಗಿ ನೋಡಿದರೆ ಚಿಪ್ಪಿನ ಪ್ರತಿ ಬಿಲ್ಲೆಯ ನಡುವೆ ನಿನಗೊಂದು ಗುಬುಟು ಕಾಣುತ್ತದಲ್ಲ, ಅದು ಕೆಂಚವ್ವ ಬೆಲ್ಲ ತಿನ್ನಿಸಿದ ವರ್ಷ. ಅದರ ಸುತ್ತ ಒಂದರ ಆಚೆ ಒಂದು ಇರುವ ಉಂಗುರಗಳೆಲ್ಲ ಅವಳು ಬೆಲ್ಲ ಕೊಡದೆ ಗಟ್ಟಿಯಾಗಿ ನಿಂತ ವರ್ಷಗಳು.