ಇನ್ನಾಸಮ್ಮನ ಗುಟುಕು

ಬಹಳ ಹಿಂದೆ, ನಮ್ಮ ತಾತನ ತಾತ ಇನ್ನೂ ಹುಟ್ಟಿದ್ದನೋ ಇಲ್ಲವೋ ಅನ್ನುವಷ್ಟು ಹಿಂದೆ, ಹೊಳೆಯಾಚೆ ದಿಣ್ಣೆಪಾಳ್ಯ ಅಂತ ಒಂದು ಊರಿತ್ತು. ಊರೆಂದರೆ ನಲವತ್ತು ಹುಲ್ಲಿನ ಮನೆ, ದಿಣ್ಣೆಯ ಮೇಲೊಂದು ಮಣ್ಣುಗೋಡೆಯ ಚರ್ಚು, ಅಷ್ಟೇ. ಎಲ್ಲರೂ ಯೇಸುಸ್ವಾಮಿಯನ್ನು ನಂಬಿದವರು. ಪಾದ್ರಿಗಳು ಕುದುರೆ ಹತ್ತಿ ಮೂರು ತಿಂಗಳಿಗೊಮ್ಮೆ ಬರುತ್ತಿದ್ದರಂತೆ. ಉಳಿದ ದಿನ ಜಪ ನಡೆಸುವುದು, ಊರಿನ ತಪ್ಪು ಒಪ್ಪು ನೋಡುವುದು ಎಲ್ಲ ಉಪದೇಶಿ ದೇವಸಹಾಯಪ್ಪನ ಕೆಲಸ.

ಆ ಊರಿನ ಸೂಲಗಿತ್ತಿ ಇನ್ನಾಸಮ್ಮ. ಅವಳ ಕೈ ಸೋಕಿದರೆ ಹೊಟ್ಟೆಯೊಳಗೆ ಅಡ್ಡ ತಿರುಗಿದ ಮಗು ತಾನೇ ಸರಿಹೋಗುತ್ತಿತ್ತಂತೆ. ಮೂವತ್ತು ವರ್ಷ, ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಅವಳದು ಒಪ್ಪೊತ್ತು. ಹೊತ್ತು ಮುಳುಗಿದ ಮೇಲೆ ಒಂದೇ ಊಟ. ಶುಭ ಶುಕ್ರವಾರವಂತೂ ಶಿಲುಬೆಗೆ ಮುತ್ತಿಡುವವರೆಗೆ ತೊಟ್ಟು ನೀರನ್ನೂ ಮುಟ್ಟಿದವಳಲ್ಲ. ನಲವತ್ತು ದಿನ ಬರೀ ಗಾಳಿ ಕುಡಿದು ಇರುತ್ತಿದ್ದಳು ಅಂತಲೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಸೌದೆ ಹೊರೆ ಹೊತ್ತು ದಿಣ್ಣೆ ಹತ್ತುತ್ತಿದ್ದ ಹೆಂಗಸು ಅವಳು.

ಒಂದು ವರ್ಷ ಊರಿಗೆ ಚಳಿಜ್ವರ ಬಂತು. ಜನ ಸೋತುಹೋದರು. ತಪಸ್ಸುಕಾಲ ಶುರುವಾಗಿ ವಾರ ಕಳೆಯುವುದರೊಳಗೆ ಅರ್ಧ ಊರು ಉಪವಾಸ ಬಿಟ್ಟಿತು, ಸಂಜೆಯ ಜಪಕ್ಕೂ ಚರ್ಚು ಬಿಕೋ ಅನ್ನತೊಡಗಿತು. ನೀನಾದರೂ ನಾಲ್ಕು ಮಾತು ಹೇಳಿ ಧೈರ್ಯ ತುಂಬು ಅಂತ ಉಪದೇಶಿ ಇನ್ನಾಸಮ್ಮನನ್ನು ಕೇಳಿಕೊಂಡ. ಅವಳು ಮನೆ ಮನೆಗೂ ಹೋದಳು. ಹೋದಲ್ಲೆಲ್ಲ ನಗಿಸಿದಳು.

“ಹಗಲೊತ್ತು ಯಾರ ಸೂರಲ್ಲಿ ಹೊಗೆ ಆಡ್ತದೋ ದಿಣ್ಣೆ ಮ್ಯಾಲೆ ನಿಂತ್ಕೊಂಡು ನೋಡ್ತೀನಿ ಕಣ್ರವ್ವಾ, ಉಸಾರು!”

ಆಡಿದ್ದು ತಮಾಷೆಗೆ. ಜನ ನಕ್ಕರು, ನಕ್ಕು ಮತ್ತೆ ಉಪವಾಸ ಹಿಡಿದರು, ಚರ್ಚು ತುಂಬಿತು. ಅವಳಿಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಎರಡು ವಾರ ಕಳೆಯುವುದರೊಳಗೆ ತಮಾಷೆ ಹೋಗಿ ಕಟ್ಟಳೆಯಾಗಿತ್ತು. ಜನ ಸರದಿಯ ಮೇಲೆ ದಿಣ್ಣೆ ಹತ್ತಿ ಸೂರುಗಳನ್ನು ಕಾಯುತ್ತಿದ್ದರಂತೆ. ಪಕ್ಕದ ಮನೆಯ ಹೊಗೆ ಹುಡುಕುವ ಉಪವಾಸ ಎಂಥ ಉಪವಾಸವೋ!

ಹೊಗೆ ಕಂಡಿದ್ದು ಚೌರಪ್ಪನ ಮನೆಯಲ್ಲಿ. ಅವನ ಹೆಂಡತಿ ಜ್ಞಾನಮ್ಮ ತುಂಬು ಬಸುರಿ. ಹಿಂದೆ ಎರಡು ಮಗು ಹುಟ್ಟಿ ತೀರಿಹೋಗಿದ್ದವು. ಒಂದೇ ಸಲ ಉಂಡರೆ ವಾಂತಿ, ಅದಕ್ಕೇ ಹಗಲು ಎರಡು ಸಲ ಚೂರು ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಬಸುರಿ, ಬಾಣಂತಿ, ರೋಗಿಗಳಿಗೆ ಉಪವಾಸವಿಲ್ಲ ಅಂತ ಪಾದ್ರಿಗಳು ಯಾವತ್ತೋ ಹೇಳಿದ್ದರು. ಆ ಮಾತನ್ನು ಯಾರೂ ನೆನೆಯಲಿಲ್ಲ. ಚೌರಪ್ಪನ ಮನೆಗೆ ಹೊಗೆಮನೆ ಅಂತ ಹೆಸರಾಯಿತು. ಗಂಡಹೆಂಡತಿ ಚರ್ಚಿನ ಬಾಗಿಲಾಚೆ ನಿಲ್ಲಬೇಕು ಅಂತ ಉಪದೇಶಿ ಹೇಳಿಬಿಟ್ಟ.

ಇನ್ನಾಸಮ್ಮ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಬ್ಬರಿಗೆ ಸಡಿಲ ಬಿಟ್ಟರೆ ಕಟ್ಟಿದ್ದೆಲ್ಲ ಬಿಚ್ಚಿಹೋದೀತು ಅಂತ ಹೆದರಿದಳು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನ ದೂಡಿದಳು.

ಶುಭ ಶುಕ್ರವಾರ ಬಂತು. ಆ ಊರಿನ ಪದ್ಧತಿ ಏನೆಂದರೆ, ಹಿಂದಿನ ಸಂಜೆಯೇ ಎಲ್ಲ ಒಲೆಗಳನ್ನೂ ಆರಿಸಬೇಕು, ಪಾಸ್ಕದ ರಾತ್ರಿ ಚರ್ಚಿನಿಂದ ಹೊಸ ಬೆಂಕಿ ಬರುವವರೆಗೆ ಹಚ್ಚುವಂತಿಲ್ಲ. ಎಲ್ಲರೂ ಚರ್ಚಿನಲ್ಲಿ ಮೊಣಕಾಲೂರಿದ್ದಾಗ, ನಡುಮಧ್ಯಾಹ್ನ, ಚೌರಪ್ಪ ಓಡಿಬಂದು ಬಾಗಿಲಾಚೆಯೇ ನಿಂತ. ಒಳಗೆ ಕಾಲಿಡಲಿಲ್ಲ. ಹೆಂಡತಿಗೆ ನೋವು ಎದ್ದಿದೆ ಅಂದ. ಒಬ್ಬರೂ ತಿರುಗಿ ನೋಡಲಿಲ್ಲವಂತೆ. ಮುಂದಿನ ಸಾಲಿನಿಂದ ಇನ್ನಾಸಮ್ಮ ಎದ್ದಳು.

ಹೆಣ್ಣುಮಗು ಹುಟ್ಟಿತು, ಅತ್ತಿತು. ಆದರೆ ತಾಯಿ ಸುಸ್ತಾಗಿ ಕಣ್ಣು ಮೇಲೆ ಮಾಡುತ್ತಿದ್ದಳು, ಕೈಕಾಲು ತಣ್ಣಗಾಗುತ್ತಿತ್ತು. ಬಿಸಿನೀರು ಬೇಕು, ಗಂಜಿ ಬೇಕು. ನಲವತ್ತು ಮನೆಯಲ್ಲಿ ಒಂದು ಕೆಂಡವಿಲ್ಲ. ಇನ್ನಾಸಮ್ಮ ಚಕಮಕಿ ಕಲ್ಲು ಕೇಳಿದಳು. ಚೌರಪ್ಪ ಕೊಡಲೋ ಬೇಡವೋ ಅಂತ ಹಿಂದೆಮುಂದೆ ನೋಡಿದ. ಅವಳೇ ಕಿತ್ತುಕೊಂಡು ಕುಟ್ಟಿದಳು. ಒಂದು ಸಲ, ಎರಡು ಸಲ, ಏಳು ಸಲ ಕುಟ್ಟಿದ ಮೇಲೆ ಅರಳೆಗೆ ಕಿಡಿ ಹತ್ತಿತಂತೆ. ಒಲೆ ಉರಿಯಿತು. ಹೊಗೆ ಸೂರು ದಾಟಿತು.

ದಿಣ್ಣೆಯ ಮೇಲೆ ಹಾಡುತ್ತಿದ್ದ ಹಾಡು ಅರ್ಧಕ್ಕೆ ನಿಂತಿದ್ದು ಅವಳಿಗೆ ಕೇಳಿಸಿತು.

ಊರೆಲ್ಲ ಇಳಿದು ಬಂತು. ಮುಂದೆ ಉಪದೇಶಿ, ಕೈಯಲ್ಲಿ ಮುತ್ತಿಡಲು ಇಟ್ಟಿದ್ದ ಮರದ ಶಿಲುಬೆ. ಬಾಗಿಲಿಗೆ ಅಡ್ಡ ನಿಂತ ಚೌರಪ್ಪನನ್ನು ಯಾರೋ ತಳ್ಳಿದರು. ಒಳಗೆ ಇನ್ನಾಸಮ್ಮ ಗಂಜಿ ಬಟ್ಟಲನ್ನು ಜ್ಞಾನಮ್ಮನ ಬಾಯಿಗೆ ಹಿಡಿದಿದ್ದಳು. ಜ್ಞಾನಮ್ಮ ಹಲ್ಲು ಕಚ್ಚಿದ್ದಳು.

“ಬ್ಯಾಡ ಕಣವ್ವಾ. ಸ್ವಾಮಿ ಸತ್ತ ದಿನ. ಇವತ್ತೂ ಉಂಡು ಬದುಕ್ಬುಟ್ರೆ ಯಾವ ಮೊಕ ಇಟ್ಕೊಂಡು ತಿರುಗ್ಲಿ? ನೀನಾದ್ರೆ ಉಂಡೀಯಾ?”

ಇನ್ನಾಸಮ್ಮನ ಕೈ ನಿಂತಿತು. ಮೂವತ್ತು ವರ್ಷ. ಬಾಗಿಲ ತುಂಬ ಜನ. ತಾನು ಆಡಿದ ಮಾತೇ ಈ ಹೆಂಗಸಿನ ಗಂಟಲಿಗೆ ಅಡ್ಡ ಕೂತಿದೆ ಅಂತ ಅವಳಿಗೆ ಆಗ ಗೊತ್ತಾಯಿತು. ಬಟ್ಟಲನ್ನು ಎತ್ತಿ, ಎಲ್ಲರ ಎದುರಿಗೆ, ತಾನು ಒಂದು ಗುಟುಕು ಕುಡಿದಳು.

“ಹೊಗೆ ನೋಡ್ತೀನಿ ಅಂದೋಳು ನಾನು. ಒಲೆ ಹಚ್ದೋಳೂ ನಾನೇ. ಆಚೆ ನಿಲ್ಸೋದಾದ್ರೆ ನನ್ನ ನಿಲ್ಸಿ ಉಪದೇಸಿಗಳೇ. ಈಗ ಕುಡಿ ಮಗಳೇ.”

ಜ್ಞಾನಮ್ಮ ಬಾಯಿ ತೆರೆದಳು. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಉಪದೇಶಿಯ ಮುಖ ಕೆಂಪಾಗಿತ್ತು. ಅವನು ಏನು ಹೇಳಿಬಿಡುತ್ತಾನೋ ಅಂತ ಊರು ಕಾಯಿತು. ಅವನು ಬಗ್ಗಿ ಹೊಗೆಮನೆಯ ಹೊಸಿಲು ದಾಟಿದ. ಶಿಲುಬೆಯನ್ನು ಮೊದಲು ಬಾಣಂತಿಯ ತುಟಿಗೆ ಮುಟ್ಟಿಸಿದ. ಆಮೇಲೆ ಊರಿನವರೆಲ್ಲ ಒಬ್ಬೊಬ್ಬರಾಗಿ ಆ ಮನೆಯೊಳಗೆ ಬಂದು ಮುತ್ತಿಟ್ಟರಂತೆ. ಇನ್ನಾಸಮ್ಮ ಎಲ್ಲರಿಗಿಂತ ಕೊನೆಗೆ ನಿಂತಳು. ನಿಲ್ಲು ಅಂತ ಯಾರೂ ಹೇಳಿರಲಿಲ್ಲ.

ಈಗ ಹುಲ್ಲಿನ ಮನೆಗಳಿಲ್ಲ, ಆ ಚರ್ಚೂ ಇಲ್ಲ, ಹೊಸದು ಕಟ್ಟಿದ್ದಾರೆ. ಆದರೆ ಶುಭ ಶುಕ್ರವಾರ ದಿಣ್ಣೆಪಾಳ್ಯದಲ್ಲಿ ಎಲ್ಲ ಒಲೆ ಆರಿದರೂ ಒಂದು ಮನೆಯ ಒಲೆ ಉರಿಯುತ್ತದೆ. ಅದಕ್ಕೆ ಹೊಗೆಮನೆ ಅಂತಲೇ ಹೆಸರು. ಈ ವರ್ಷ ಹೊಗೆಮನೆ ನಮ್ಮದಾಗಲಿ ಅಂತ ಜನ ಕೇಳಿ ಪಡೆಯುತ್ತಾರೆ. ನಲವತ್ತು ದಿನ ಉಪವಾಸದಲ್ಲಿ ಉಳಿಸಿದ ರಾಗಿ ಅಲ್ಲಿ ಗಂಜಿಯಾಗುತ್ತದೆ. ಊರಿನಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ವರ್ಷ ಉಪವಾಸ ಹಿಡಿದಿದ್ದಾರೋ ಅವರು ಜನರ ಎದುರಿಗೆ ಮೊದಲ ಗುಟುಕು ಕುಡಿದು ತಮ್ಮ ಉಪವಾಸ ಮುರಿಯಬೇಕು, ಶಿಲುಬೆಗೆ ಕೊನೆಯವರಾಗಿ ಮುತ್ತಿಡಬೇಕು. ಅವರು ಕುಡಿದ ಮೇಲೆ ರೋಗಿಗಳು, ಬಾಣಂತಿಯರು, ಬಸುರಿಯರು ತಲೆ ತಗ್ಗಿಸದೆ ಬಟ್ಟಲಿಗೆ ಕೈ ಚಾಚುತ್ತಾರೆ.